ಬೆರಳಿಟ್ಟ ವಾಕ್ಯ

ಕುಣಿಗಲ್‌ನ ಮನೆಪ್ರಾರ್ಥನೆಯಲ್ಲಿ ಕಾವ್ಯ ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಲು ಎದ್ದಾಗಲೇ ಅವಳ ವಾರಗಿತ್ತಿ ಅನುಪಮಾಳಿಗೆ ಹೊಟ್ಟೆ ಉರಿಯತೊಡಗಿತು.

“ಅಂಜನ್‌ನ ಯಾವ ಕೋರ್ಸ್‌ಗೆ ಹಾಕೋದು ಅಂತ ಗೊತ್ತಾಗ್ಲಿಲ್ಲ. ಕಣ್ಮುಚ್ಚಿ ಬೈಬಲ್ ತೆಗ್ದು ಬೆರಳಿಟ್ಟೆ. ವಾಕ್ಯ ಬಂತು, ಸೈನ್ಸ್‌ಗೆ ಸೇರಿಸ್ದೆ. ಈಗ ಕಾಲೇಜಿಗೇ ಫಸ್ಟು.”

ಎಲ್ಲರೂ ಸ್ತೋತ್ರ ಎಂದರು. ಅನುಪಮಾ ಎಲ್ಲರಿಗಿಂತ ಜೋರಾಗಿ ಎಂದಳು, ಒಳಗಿನದು ಮುಖದಲ್ಲಿ ಕಾಣಬಾರದಲ್ಲ. ಹೋದ ತಿಂಗಳು ಹೊಸ ಮನೆಯ ಸಾಕ್ಷಿ, ಈ ತಿಂಗಳು ಮಗನದು. ದೇವರಿಗೆ ಕುಣಿಗಲ್ ಬಸ್ಸೊಂದೇ ಗೊತ್ತೇನೋ.

ಅನುಪಮಾಳ ಮಗಳು ಕೃತಿಕಾ ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದಳು. ಅವಳಪ್ಪ ಉದಯಕುಮಾರ್ ಗುಬ್ಬಿಯ ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತ. ರಜೆಯಲ್ಲೆಲ್ಲ ಅಪ್ಪನ ಪಕ್ಕ ಕೂತು ವ್ಯಾಪಾರ ನೋಡಿದ ಹುಡುಗಿ ಕಾಮರ್ಸ್ ಬೇಕೆಂದಿದ್ದಳು. ಅನುಪಮಾ ಊರಿಗೆ ಮರಳುವ ಬಸ್ಸಿನಲ್ಲೇ ಸೈನ್ಸ್ ಎಂದು ತೀರ್ಮಾನಿಸಿದಳು. ಇನ್ನು ವಾಕ್ಯವೊಂದು ಸಿಗಬೇಕಿತ್ತು.

ಶನಿವಾರ ಕ್ಲಿನಿಕ್ಕಿನ ಡ್ಯೂಟಿ ಮುಗಿಸಿ ಬಟವಾಡಿಯ ತನ್ನ ಮನೆಗೆ ಬಂದವಳೇ ಪ್ರಾರ್ಥಿಸಿ, ಕಣ್ಮುಚ್ಚಿ ಬೆರಳಿಟ್ಟಳು. ಯಾರು ಯಾರ ಮಗ ಎಂಬ ವಂಶಾವಳಿ ಬಂತು. ಮತ್ತೆ ಇಟ್ಟಳು. ಮಿಡತೆಗಳ ಕಾಟ. ಮೂರನೆಯ ಸಲ ಹದ್ದಿನಂತೆ ಮೇಲಕ್ಕೇರುವ ಮಾತು ಸಿಕ್ಕಿತು.

“ನೋಡೇ, ಮೇಲಕ್ಕೇರ್ತೀಯಂತೆ. ಸೈನ್ಸೇ.”

“ಮೊದಲೆರಡು ಸಲ ರಾಂಗ್ ನಂಬರಾ ಅಮ್ಮ?”

“ದೇವರ ವಾಕ್ಯದ ಮುಂದೆ ತಮಾಷೆ ಮಾಡ್ಬೇಡ ಕಣೇ.”

ಕೃತಿಕಾ ಮರುದಿನದ ಭಾನುವಾರ ಶಾಲೆಗೆ ಬೇಕಾದ ಚಿತ್ರಗಳಿಗೆ ಬಣ್ಣ ಹಾಕುತ್ತ ಕೂತಳು. ಚರ್ಚಿನಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುವವಳು ಅನುಪಮಾ. ಈ ವಾರದ್ದು, ಒಂದೇ ಮಗುವಿಗಾಗಿ ಇಬ್ಬರು ಹೆಂಗಸರು ರಾಜನ ಮುಂದೆ ಜಗಳವಾಡಿದ ಪಾಠ. ಮಗುವನ್ನು ಕಡಿದು ಹಂಚಿ ಎಂದು ರಾಜ ಹೇಳಿದಾಗ ಹೆತ್ತವಳು, ಬೇಡ, ಅವಳಿಗೇ ಕೊಡಿ ಎಂದಳು. ಇನ್ನೊಬ್ಬಳು ಕಡಿಯಿರಿ ಎಂದಳು.

“ಅಮ್ಮ, ಕಡೀರಿ ಅಂದವಳಿಗೆ ಯಾವ ಬಣ್ಣದ ಸೀರೆ?”

“ಯಾವುದೋ ಒಂದು ಹಾಕು.”

“ಕಡಿದ್ರೆ ಅವಳಿಗೂ ಮಗು ಸಿಗಲ್ವಲ್ಲ. ಮತ್ಯಾಕೆ ಹಂಗಂದ್ಳು? ನಾಳೆ ಮಕ್ಳು ಕೇಳ್ತವೆ.”

“ಮಗು ಯಾರಿಗೆ ಬೇಕಿತ್ತು ಅವಳಿಗೆ? ಪಕ್ಕದವಳ ಹತ್ರ ಇದೆಯಲ್ಲ ಅನ್ನೋ ಸಂಕಟ, ಅಷ್ಟೆ.”

ವರ್ಷವರ್ಷ ಹೇಳುವ ಪಾಠವೇ. ಇಷ್ಟು ದಿನವೂ ಅನುಪಮಾ ತನ್ನನ್ನು ಹೆತ್ತವಳ ಕಡೆಯೇ ಎಣಿಸಿಕೊಂಡಿದ್ದಳು. ಈಗ ಮಗಳ ಬಗ್ಗಿದ ತಲೆಯನ್ನೇ ನೋಡುತ್ತ ನಿಂತಳು. ಒಲೆಯ ಮೇಲೆ ಸಾರು ಉಕ್ಕಿತು. ಇಳಿಸಿ ಬಂದು ಅವಳ ಪಕ್ಕ ಕೂತಳು.

“ಸೈನ್ಸ್ ಓದಕ್ಕಾಗಲ್ವೇನೇ?”

“ನೀನು ಹೇಳಿದ್ರೆ ಓದ್ತೀನಿ. ಮಾರ್ಕ್ಸೂ ತೆಗೀತೀನಿ. ಆದ್ರೆ ದಿನಾ ಅಳ್ತೀನಿ ಅನ್ಸುತ್ತೆ.”

ಅಷ್ಟರಲ್ಲಿ ಕಾವ್ಯಳ ಫೋನ್ ಬಂತು.

“ಅಕ್ಕ, ಕೃತಿಕಾಗೆ ಸೈನ್ಸ್ ತಾನೆ? ಅಂಜನ್ ಹಳೇ ಬುಕ್ಸ್ ಎತ್ತಿಟ್ಟಿದೀನಿ.”

ಹಳೆಯವು. ಅನುಪಮಾಳ ಹೊಟ್ಟೆಯುರಿ ಮತ್ತೆ ಎದ್ದಿತು. ಸೈನ್ಸೇ, ಹೊಸ ಬುಕ್ಸೇ ತಗೋತೀವಿ ಎಂಬ ಮಾತು ನಾಲಿಗೆಯವರೆಗೂ ಬಂತು. ಪಕ್ಕದಲ್ಲಿ ಕೃತಿಕಾಳ ಬಣ್ಣದ ಪೆನ್ಸಿಲ್ ನಿಂತುಹೋಗಿತ್ತು.

“ಇಲ್ಲ ಕಾವ್ಯ. ಕಾಮರ್ಸ್.”

“ಅಯ್ಯೋ, ಹೌದಾ? ಯಾವ ವಾಕ್ಯ ಬಂತಕ್ಕ?”

“ವಾಕ್ಯ ತೆಗೀಲಿಲ್ಲ ಅಂತಿಟ್ಕೋ. ಅವಳನ್ನೇ ಕೇಳ್ದೆ.”

ಆ ಕಡೆಯಿಂದ ಕಾವ್ಯ ಅಂಜನ್‌ನ ಹೊಸ ರ‍್ಯಾಂಕಿನ ವಿಷಯ ಶುರುಮಾಡಿದಳು. ಅನುಪಮಾ ಹೂಂಗುಟ್ಟುತ್ತ ಕೇಳಿಸಿಕೊಂಡಳು. ಉರಿ ಆರಿರಲಿಲ್ಲ. ಪಕ್ಕದಲ್ಲಿ ಮಗಳು ಮಾತ್ರ ರಾಜನ ಕಿರೀಟಕ್ಕೆ ಹಳದಿ ಬಣ್ಣ ಹಚ್ಚತೊಡಗಿದ್ದಳು.