ಬಗ್ಗಲಾರದವನ ಮೊದಲ ಬೇಸು

ಲಿಯಾಂಡರ್ ಬ್ರೂನಿಂಗ್‌ಗೆ ಬಗ್ಗಲು ಆಗುತ್ತಿರಲಿಲ್ಲ. ಅಹಂಕಾರದಿಂದಲ್ಲ, ಮಂಡಿಯಿಂದ. ಎರಡೂ ಮಂಡಿ ಕೆಟ್ಟು ಆರು ವರ್ಷವಾಗಿತ್ತು, ಅದರ ಮೇಲೆ ಹೊಟ್ಟೆ ಬೇರೆ ಬಂದು ಕೂತಿತ್ತು. ಮಾರಿಯಾಫೆಲ್ಡ್ ಊರಲ್ಲಿ ಇದೇನೂ ಗುಟ್ಟಲ್ಲ. ಹಾಲಿನ ಡೇರಿಯಿಂದ ಇಗರ್ಜಿಯ ತನಕ ಎಲ್ಲರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲ ಅಂತ ನಂಬಿಕೊಂಡಿದ್ದವನು ಲಿಯಾಂಡರ್ ಒಬ್ಬನೇ, ಪಾಪ.

ಮಿನೆಸೋಟದ ಆ ಸೀಮೆಯಲ್ಲಿ ಊರಿಗೊಂದು ಇಗರ್ಜಿ, ಎರಡು ಬಾರು, ಒಂದು ಬೇಸ್‌ಬಾಲ್ ಮೈದಾನ. ಇಗರ್ಜಿಗೆ ಹೋಗದವನನ್ನು ಊರು ಹೇಗೋ ಸಹಿಸುತ್ತದೆ, ಬಾರಿಗೆ ಹೋಗದವನನ್ನು ಸ್ವಲ್ಪ ಅನುಮಾನದಿಂದ ನೋಡುತ್ತದೆ, ಭಾನುವಾರ ಮಧ್ಯಾಹ್ನ ಮೈದಾನಕ್ಕೆ ಬಾರದವನನ್ನು ಮಾತ್ರ ಕಾಯಿಲೆಯೇನೋ ಅಂತ ಮನೆಗೇ ಬಂದು ವಿಚಾರಿಸುತ್ತದೆ. ಲಿಯಾಂಡರ್ ಇಪ್ಪತ್ತಾರು ಬೇಸಿಗೆ ಆ ಊರಿನ ತಂಡದಲ್ಲಿ ಆಡಿದ್ದ. ಮಂಡಿ ಹೋದ ಮೇಲೂ ಉಳಿದುಕೊಂಡಿದ್ದು ಒಂದೇ ಒಂದು ನಿಯಮದ ಪುಣ್ಯದಿಂದ.

ಅದೇನಪ್ಪಾ ಅಂದರೆ, ಚೆಂಡೆಸೆಯುವ ಪಿಚರ್ ಎಸೆಯುವುದರಲ್ಲಿ ಹುಲಿಯಾದರೆ ಹೊಡೆಯುವುದರಲ್ಲಿ ಸಾಮಾನ್ಯವಾಗಿ ಇಲಿ. ಹಾಗಾಗಿ ಅವನ ಬದಲು ಬರೀ ಹೊಡೆಯಲಿಕ್ಕೆಂದೇ ಒಬ್ಬನನ್ನು ನೇಮಿಸಿಕೊಳ್ಳಬಹುದು. ಅವನು ಓಡಿ ಚೆಂಡು ಹಿಡಿಯಬೇಕಿಲ್ಲ, ಬಿಸಿಲಲ್ಲಿ ನಿಲ್ಲಬೇಕಿಲ್ಲ. ಸರದಿ ಬಂದಾಗ ಎದ್ದು ಹೋಗಿ ಬ್ಯಾಟು ಬೀಸಿ, ಬಂದು ಬೆಂಚಿನ ಮೇಲೆ ಸೂರ್ಯಕಾಂತಿ ಬೀಜ ಉಗಿಯುತ್ತಾ ಕೂತರಾಯಿತು. ಮಾವನ ಮನೆಯಲ್ಲೂ ಇಂಥ ಸುಖ ಸಿಗುವುದಿಲ್ಲ ಬಿಡಿ! ಲಿಯಾಂಡರ್ ಆ ನೇಮಕದ ದಾಂಡಿಗ. ಸುಮ್ಮನೆ ಹೇಳಬಾರದು, ಹೊಡೆತ ಮಾತ್ರ ಈಗಲೂ ಕಬ್ಬಿಣ.

ಆ ಭಾನುವಾರ ಬೆಳಿಗ್ಗೆ ಪೂಜೆ ಮುಗಿದು, ಇಗರ್ಜಿಯ ನೆಲಮಾಳಿಗೆಯಲ್ಲಿ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ, ತಂಡದ ಮ್ಯಾನೇಜರ್ ಸಿಲ್ವೆಸ್ಟರ್ ಬಂದು ಅವನ ಎದುರು ಕೂತ. ಸಿಲ್ವೆಸ್ಟರ್ ಅಂದರೆ ಲಿಯಾಂಡರನ ಹೆಂಡತಿ ಮಾರ್ಲಿಸಳ ಅಣ್ಣ. ಕೂತವನು ಲಿಯಾಂಡರನ ತಟ್ಟೆಯಿಂದಲೇ ಒಂದು ಡೋನಟ್ ಎತ್ತಿಕೊಂಡ. ಅವನು ಡೋನಟ್ ಕದ್ದ ಅಂದರೆ ಏನೋ ಕೆಟ್ಟ ಸುದ್ದಿ ಇದೆ ಅಂತಲೇ ಅರ್ಥ.

"ಲಿಯಾಂಡರ್, ಮುಂದಿನ ವರ್ಷಕ್ಕೆ ನಿನ್ನ ಹೆಸರು ಪಟ್ಟಿಯಲ್ಲಿ ಹಾಕಲ್ಲ ಕಣೋ."

"ಯಾಕೆ? ಈ ವರ್ಷ ನನ್ನಷ್ಟು ಹೊಡೆದೋನು ಯಾರಿದ್ದಾನೆ, ಒಬ್ಬನ ಹೆಸರು ಹೇಳು."

"ಹೊಡೆಯೋರು ಬೇಡ ನನಗೆ, ಹಿಡಿಯೋರು ಬೇಕು. ನೋಡು ನನ್ನ ಗತಿ! ಮೂರನೇ ಬೇಸಿನವನು ಹನಿಮೂನ್‌ಗೆ ಹೋದ. ಎರಡನೇ ಬೇಸಿನವನು, ನಾಳೆ ಮಳೆಯಂತೆ, ಹುಲ್ಲು ಕಟ್ಟಬೇಕು ಅಂತ ಹೊಲದಲ್ಲಿದ್ದಾನೆ. ಹೊರಗಡೆ ನಿಲ್ಲೋರನ್ನೇ ಎಳೆದು ಒಳಮೈದಾನದಲ್ಲಿ ನಿಲ್ಲಿಸಿದ್ದೀನಿ. ಇವತ್ತು ಬಂದಿರೋರು ನಿನ್ನನ್ನೂ ಸೇರಿಸಿ ಹತ್ತೇ ಜನ. ಒಬ್ಬ ಬಿದ್ದರೆ ಮುಗೀತು. ನಾನು ಒಂದು ಜಾಗಾನ ಬರೀ ಬ್ಯಾಟು ಬೀಸೋನಿಗೆ ಕೊಟ್ಟು ಕೂರೋಕಾಗುತ್ತಾ?"

"ನಾನೂ ಹಿಡೀತೀನಿ," ಅಂದ ಲಿಯಾಂಡರ್.

"ಏನು, ಸೊಂಟಾನಾ?" ಅಂದು ಸಿಲ್ವೆಸ್ಟರ್ ಎದ್ದುಹೋದ.

ಲಿಯಾಂಡರ್ ಕಾಫಿ ಲೋಟ ಪಕ್ಕಕ್ಕೆ ಸರಿಸಿದ. ವಾರದ ಆರು ದಿನ ಅವನು ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವವ, ಅಷ್ಟೇ. ಭಾನುವಾರ ಎದೆಯ ಮೇಲೆ ಊರಿನ ಹೆಸರಿರುವ ಅಂಗಿ ಹಾಕಿಕೊಂಡಾಗ ಮಾತ್ರ ಅವನು ಲಿಯಾಂಡರ್ ಬ್ರೂನಿಂಗ್. ಆ ಅಂಗಿ ಕಿತ್ತುಕೊಂಡರೆ ಮಿಕ್ಕ ಆರು ದಿನ ಯಾಕೆ ಬದುಕಬೇಕು ಅಂತ ಅವನಿಗೆ ನಿಜವಾಗಿಯೂ ಅನಿಸಿತು. ದೇವರೇ, ಇನ್ನೊಂದು ವರ್ಷ ಅಂಗಿ ಉಳಿಸು ಅಂತ ಡೋನಟ್ ತಟ್ಟೆ ಮುಂದೆ ಇಟ್ಟುಕೊಂಡೇ ಪ್ರಾರ್ಥಿಸಿದ.

ಅವತ್ತಿನ ಎದುರಾಳಿ ಪಕ್ಕದೂರು ರೋಜನ್‌ಬರ್ಗ್. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಮಾರಿಯಾಫೆಲ್ಡಿನ ಪಿಚರ್ ಬೇರೆ ಯಾರೂ ಅಲ್ಲ, ಇಗರ್ಜಿಯ ಪಾದ್ರಿ ಫಾದರ್ ಕ್ಲೀಟಸ್. ಮೂವತ್ತೆರಡರ ಪ್ರಾಯ, ತೆಳ್ಳನೆಯ ಆಳು, ಚೆಂಡೆಸೆದರೆ ಎದುರಿಗಿದ್ದವನಿಗೆ ನರಕ ಕಾಣಬೇಕು. ರೋಜನ್‌ಬರ್ಗಿಗೆ ಸ್ವಂತ ಪಾದ್ರಿ ಇಲ್ಲದ್ದರಿಂದ ಆ ಊರಿನ ಪೂಜೆಯೂ ಇವರದೇ, ಪಾಪನಿವೇದನೆ ಕೇಳುವವರೂ ಇವರೇ. ಆದರೆ ವಾಸ ಮಾರಿಯಾಫೆಲ್ಡಿನಲ್ಲಿ, ಆದ್ದರಿಂದ ತಂಡವೂ ಮಾರಿಯಾಫೆಲ್ಡಿನದು. ಬಿಷಪ್ಪರು ಕೇಳಿದ್ದರೂ ಅವರು ಇದನ್ನು ಬಿಟ್ಟುಕೊಡುತ್ತಿರಲಿಲ್ಲ.

ಒಂಬತ್ತು ಸುತ್ತಿನ ಆಟ, ಏಳನೆಯದರ ತನಕ ಎಲ್ಲ ಸರಿಯಾಗಿತ್ತು. ಮೂರು ಮೂರು ರನ್ ಸಮ. ಲಿಯಾಂಡರ್ ಎರಡು ಸಲ ಚೆನ್ನಾಗಿ ಹೊಡೆದು, ಪ್ರತಿ ಸಲವೂ ಸಿಲ್ವೆಸ್ಟರನ ಮುಂದೆಯೇ ಹಾದು ಬಂದು ಬೆಂಚಿನಲ್ಲಿ ಕೂತಿದ್ದ. ಅಷ್ಟರಲ್ಲಿ ಮೊದಲ ಬೇಸನ್ನು, ಅಂದರೆ ಚೆಂಡು ಹೊಡೆದವನು ಓಡಿ ಮೊದಲು ಮುಟ್ಟಬೇಕಾದ ಮೆತ್ತೆಯನ್ನು, ಕಾಯುತ್ತಿದ್ದ ರೋಜರ್‌ನ ಬೆರಳಿಗೆ ಚೆಂಡು ಬಡಿಯಿತು. ಬೆರಳು ಇದ್ದ ದಿಕ್ಕು ಬಿಟ್ಟು ಬೇರೆ ದಿಕ್ಕು ತೋರಿಸತೊಡಗಿತು.

ಸಿಲ್ವೆಸ್ಟರ್ ಬೆಂಚಿನತ್ತ ತಿರುಗಿದ. ಬೆಂಚಿನಲ್ಲಿದ್ದದ್ದು ನೀರಿನ ಕೊಡ, ಬೀಜದ ಚೀಲ ಮತ್ತು ಲಿಯಾಂಡರ್. ಲಿಯಾಂಡರ್ ಮೋಡ ನೋಡುತ್ತಿದ್ದ.

"ಏಳು," ಅಂದ ಸಿಲ್ವೆಸ್ಟರ್. "ಹಿಡೀತೀನಿ ಅಂದೆಯಲ್ಲ. ಹಿಡಿ ಹೋಗು."

ಲಿಯಾಂಡರ್ ರೋಜರನ ಗ್ಲೌಸು ಹಾಕಿಕೊಂಡು ಹೊರಟ. ಅಂಪೈರ್ ಎಲ್ರಾಯ್ ಕೈ ಅಡ್ಡ ಹಿಡಿದ. ಎಲ್ರಾಯ್ ಊರಿನ ಮಾಂಸದ ಅಂಗಡಿಯವ. ನಿಯಮದ ಪುಸ್ತಕವನ್ನು ಬೈಬಲ್ಲಿಗಿಂತ ಹೆಚ್ಚು ಓದಿದ್ದ, ಬೈಬಲನ್ನು ಎಷ್ಟು ಓದಿದ್ದ ಅಂತ ಮಾತ್ರ ಕೇಳಬೇಡಿ.

"ಸಿಲ್ವೆಸ್ಟರ್, ನೇಮಕದ ದಾಂಡಿಗ ಮೈದಾನಕ್ಕೆ ಇಳಿದ ಅಂದರೆ ಆ ನೇಮಕ ರದ್ದು. ಇನ್ನು ಮೇಲೆ ನಿಮ್ಮ ಪಿಚರ್ರೇ ಬ್ಯಾಟು ಹಿಡೀಬೇಕು."

"ಸರಿ, ಲಿಯಾಂಡರನ ಸರದೀಲಿ ಫಾದರ್ ಹೊಡೀತಾರೆ. ಇವನು ಬರೀ ನಿಂತ್ಕೋತಾನೆ."

ಲಿಯಾಂಡರ್ ಮುಂದಿಟ್ಟ ಕಾಲು ಹಿಂದಿಟ್ಟ. ಹಿಡಿಯಲು ಬಾರದವನಿಗೆ ಹಿಡಿಯುವ ಕೆಲಸ ಕೊಟ್ಟು, ಹೊಡೆಯಲು ಬರುವವನ ಬ್ಯಾಟು ಕಿತ್ತುಕೊಳ್ಳುವುದೆಂದರೇನು!

"ತಪ್ಪು," ಅಂದ ಎಲ್ರಾಯ್. "ಲಿಯಾಂಡರನ ಸರದಿ ಲಿಯಾಂಡರನದೇ. ಹೊರಗೆ ಹೋದವನು ರೋಜರ್, ಆದ್ದರಿಂದ ರೋಜರನ ಜಾಗದಲ್ಲಿ ಫಾದರ್. ಪುಸ್ತಕ ತೋರಿಸ್ಲಾ? ಕಾರಲ್ಲಿದೆ."

"ಬೇಡಪ್ಪಾ, ನೀನು ತೂಕದಲ್ಲಿ ಮೋಸ ಮಾಡ್ತೀಯ, ನಿಯಮದಲ್ಲಿ ಮಾಡಲ್ಲ," ಅಂದು ಸಿಲ್ವೆಸ್ಟರ್ ಪಾದ್ರಿಯತ್ತ ತಿರುಗಿದ. "ಫಾದರ್, ನೀವು ಬ್ಯಾಟು ಹಿಡಿದು ಎಷ್ಟು ಕಾಲ ಆಯ್ತು?"

"ಹನ್ನೊಂದು ವರ್ಷ. ಆಗಲೂ ಚೆಂಡಿಗೆ ತಾಗಿರಲಿಲ್ಲ," ಅಂದರು ಫಾದರ್ ಕ್ಲೀಟಸ್ ಸಮಾಧಾನವಾಗಿ.

ಎಂಟನೇ ಸುತ್ತಿನಲ್ಲಿ ಆಗಬೇಕಾದದ್ದು ಆಯಿತು. ರೋಜನ್‌ಬರ್ಗಿನವನೊಬ್ಬ ಹೊಡೆದ ಚೆಂಡು ನೆಲ ಉಜ್ಜಿಕೊಂಡು ನೇರವಾಗಿ ಲಿಯಾಂಡರನ ಬಳಿಗೆ ಬಂತು. ಅಂಥ ಜೋರಿನ ಚೆಂಡೇನೂ ಅಲ್ಲ. ನೆಂಟರ ಮನೆ ಹುಡುಕಿಕೊಂಡು ಬಂದಂತೆ ಬಂತು. ಲಿಯಾಂಡರ್ ಬಗ್ಗಲು ನೋಡಿದ. ತಲೆ ಬಗ್ಗಿತು, ಭುಜ ಬಗ್ಗಿತು, ಅಲ್ಲಿಂದ ಕೆಳಗೆ ಯಾವುದೂ ಮಾತು ಕೇಳಲಿಲ್ಲ. ಚೆಂಡು ಎರಡು ಕಾಲಿನ ನಡುವೆ ಹಾದು ಬೇಲಿಯ ತನಕ ಹೋಯಿತು. ಆಗಲೇ ಬೇಸಿನಲ್ಲಿ ಕಾದಿದ್ದ ರೋಜನ್‌ಬರ್ಗಿನ ಇನ್ನೊಬ್ಬ ಓಡಿ ಬಂದು ಒಂದು ರನ್ ಗಳಿಸಿದ. ನಾಲ್ಕು ಮೂರು.

ಮೈದಾನದ ಪಕ್ಕ ಆಟ ನೋಡುವವರ ಮೆಟ್ಟಿಲಿನ ಮೇಲೆ ಕೂತಿದ್ದ ಮಾರ್ಲಿಸಳ ದನಿ ಇಡೀ ಮೈದಾನಕ್ಕೆ ಕೇಳಿಸಿತು. "ಲಿಯಾಂಡರ್, ಕೊಟ್ಟಿಗೆ ಬಾಗಿಲು ಹಾಕೋ! ದನ ಎಲ್ಲಾ ಹೊರಗೆ ಹೋಯ್ತು!"

ಊರಿಗೆ ಊರೇ ನಕ್ಕಿತು. ಲಿಯಾಂಡರನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನಿಸಿತು. ಕಟ್ಟಿಕೊಂಡವಳೇ ಹೀಗೆ ಮಾನ ಕಳೆದರೆ ಇನ್ನು ಮಿಕ್ಕವರಿಗೆ ಏನು ಹೇಳುವುದು!

ಮಾರಿಯಾಫೆಲ್ಡಿನ ಹೊಡೆಯುವ ಸರದಿ ಬಂತು. ಇಬ್ಬರು ಔಟಾದರು, ಒಬ್ಬ ಎರಡನೇ ಬೇಸಿನಲ್ಲಿ ನಿಂತಿದ್ದ. ಈಗ ರೋಜರನ ಜಾಗ, ಅಂದರೆ ಫಾದರ್. ಅವರ ಹಿಂದೆಯೇ ಲಿಯಾಂಡರ್. ಫಾದರ್ ಔಟಾದರೆ ಲಿಯಾಂಡರನ ಕೈಗೆ ಬ್ಯಾಟು ಬರುವ ಮೊದಲೇ ಸುತ್ತು ಮುಗಿಯುತ್ತದೆ. ಫಾದರ್ ಬ್ಯಾಟನ್ನು ಮೇಣದಬತ್ತಿ ಹಿಡಿದಂತೆ ನೆಟ್ಟಗೆ ಹಿಡಿದು ನಿಂತರು. ಸಿಲ್ವೆಸ್ಟರ್ ಟೋಪಿಯಿಂದ ಮುಖ ಮುಚ್ಚಿಕೊಂಡ.

ಆದರೆ ರೋಜನ್‌ಬರ್ಗಿನ ಪಿಚರ್ ಡೆಲ್ಬರ್ಟ್ ಒಡನೆ ಚೆಂಡೆಸೆಯಲಿಲ್ಲ. ಫಾದರನ್ನು ನೋಡಿದ, ಫಾದರ್ ಅವನನ್ನು ನೋಡಿ ಪರಿಚಯದ ನಗೆ ನಕ್ಕರು. ಡೆಲ್ಬರ್ಟನ ಕಿವಿ ಕೆಂಪಾದವು. ಇಡೀ ಬೇಸಿಗೆ ಫಾದರ್ ಬ್ಯಾಟು ಹಿಡಿದವರೇ ಅಲ್ಲ, ಹಾಗಾಗಿ ಅವರಿಗೆ ಎದುರಾಗಿ ಚೆಂಡೆಸೆಯುವ ಪರೀಕ್ಷೆ ಈ ತನಕ ಯಾವ ಭಕ್ತನಿಗೂ ಬಂದಿರಲಿಲ್ಲ. ಮೊದಲ ಎಸೆತ ಮಾರು ದೂರ ಹೋಯಿತು. ಎರಡನೆಯದು ಇನ್ನೂ ದೂರ.

"ಏನಾಯ್ತೋ ನಿಂಗೆ?" ಅಂತ ಅವನ ಮ್ಯಾನೇಜರ್ ಕಿರುಚಿದ. "ಅವರು ಈಗ ಪಾದ್ರಿ ಅಲ್ಲ ಕಣೋ, ಬರೀ ದಾಂಡಿಗ! ನೇರ ಎಸಿ!"

"ನಿಮಗೇನು, ಹೇಳ್ತೀರಿ!" ಡೆಲ್ಬರ್ಟ್ ತಿರುಗಿ ಕಿರುಚಿದ. "ನಿನ್ನೆ ಶನಿವಾರ ಪಾಪ ಹೇಳ್ಕೊಂಡೋನು ನಾನು, ಕೇಳಿದೋರು ಅವರು! ಚೆಂಡು ಅವರ ಪಕ್ಕೆಗೆ ಬಡಿದು, ಅವರು ಸಿಟ್ಟಲ್ಲಿ ಏನಾದ್ರೂ ಬಾಯ್ಬಿಟ್ರೆ?"

"ಅಯ್ಯೋ, ನಾನು ಹಾಗೆಲ್ಲ ಬಾಯಿಬಿಡೋದಿಲ್ಲಪ್ಪ," ಅಂದರು ಫಾದರ್. ಅದನ್ನು ಅವರು ಮೆಟ್ಟಿಲಿನ ಮೇಲಿದ್ದ ಡೆಲ್ಬರ್ಟನ ಹೆಂಡತಿಗೂ ಕೇಳುವಷ್ಟು ಜೋರಾಗಿ ಹೇಳಬೇಕಿರಲಿಲ್ಲ. ಆಕೆ ಹೆಣಿಗೆ ಕೆಳಗಿಟ್ಟು ಗಂಡನನ್ನು ದಿಟ್ಟಿಸಿದಳು. ಮೂರನೆಯ ಎಸೆತ ಬೇಲಿಗೆ ಬಡಿಯಿತು, ನಾಲ್ಕನೆಯದು ಎಲ್ಲಿ ಹೋಯಿತೋ ಇನ್ನೂ ಸಿಕ್ಕಿಲ್ಲ. ನಾಲ್ಕು ತಪ್ಪು ಎಸೆತ ಆದದ್ದರಿಂದ ಫಾದರ್ ಬ್ಯಾಟು ಬೀಸದೆಯೇ ನಡೆದುಕೊಂಡು ಮೊದಲ ಬೇಸಿಗೆ ಹೋದರು.

ಈಗ ಲಿಯಾಂಡರ್. ಡೆಲ್ಬರ್ಟನ ಕಣ್ಣು ಇನ್ನೂ ಹೆಂಡತಿಯ ಮೇಲೇ ಇತ್ತು, ಚೆಂಡು ನಡುವಿಗೇ ಬಂತು. ಲಿಯಾಂಡರ್ ಮಾನ ಹೋದ ಸಿಟ್ಟನ್ನೆಲ್ಲ ಸೇರಿಸಿ ಬೀಸಿದ. ಚೆಂಡು ಬೇಲಿಯ ಮೂಲೆಗೆ ಬಡಿಯಿತು. ಎರಡನೇ ಬೇಸಿನಲ್ಲಿ ನಿಂತಿದ್ದವನು ಓಟ ಮುಗಿಸಿ ಬಂದ, ಅವನ ಬೆನ್ನಿಗೇ ಫಾದರ್ ದೆವ್ವ ಅಟ್ಟಿಸಿಕೊಂಡು ಬಂದವರಂತೆ ಓಡಿ ಬಂದರು. ಬೇರೆ ಯಾರಾದರೂ ಆಗಿದ್ದರೆ ಅಂಥ ಹೊಡೆತಕ್ಕೆ ಮೂರನೇ ಬೇಸು ಮುಟ್ಟುತ್ತಿದ್ದರು. ಲಿಯಾಂಡರ್ ಮೊದಲನೆಯದನ್ನು ಮುಟ್ಟಿ, ಸೊಂಟ ಹಿಡಿದುಕೊಂಡು ನಿಂತ. ಐದು ನಾಲ್ಕು!

ಒಂಬತ್ತನೆಯ ಸುತ್ತು. ರೋಜನ್‌ಬರ್ಗಿನ ಇಬ್ಬರು ಔಟಾಗಿದ್ದರು, ಮೂರನೇ ಬೇಸಿನಲ್ಲಿ ಒಬ್ಬ ಕಾದು ನಿಂತಿದ್ದ. ಇನ್ನೊಬ್ಬನನ್ನು ಔಟ್ ಮಾಡಿದರೆ ಗೆಲುವು. ಚೆಂಡು ಎಲ್ಲಿಗಾದರೂ ಹೋಗಲಿ, ನನ್ನ ಕಡೆ ಮಾತ್ರ ಬೇಡ ಅಂತ ಲಿಯಾಂಡರ್ ಬೇಡಿಕೊಂಡ. ಬೆಳಿಗ್ಗೆ ಒಂದು ಕೇಳಿ ಈಗ ಇನ್ನೊಂದು ಕೇಳಿದರೆ ದೇವರಾದರೂ ಏನು ಮಾಡಿಯಾನು? ಚೆಂಡು ಅವನ ಕಡೆಗೇ ಬಂತು.

ಈ ಸಲ ಅವನು ಬಗ್ಗುವ ಗೋಜಿಗೇ ಹೋಗಲಿಲ್ಲ. ಕಡಿದ ಮರದಂತೆ ಬಿದ್ದ. ದಡ್ ಅಂದದ್ದು ಮೆಟ್ಟಿಲಿನ ತನಕ ಕೇಳಿಸಿತು, ಮಾರ್ಲಿಸ್ "ಅಮ್ಮಾ!" ಅಂತ ಎದ್ದು ನಿಂತಳು. ಚೆಂಡು ಗ್ಲೌಸಿನಲ್ಲಿ, ಗ್ಲೌಸು ಹೊಟ್ಟೆಯ ಅಡಿಯಲ್ಲಿ. ಫಾದರ್ ಬೇಸಿನತ್ತ ಓಡಿ ಬರುತ್ತಾ "ಎಸಿ, ನನಗೆ ಎಸಿ!" ಅಂದರು. ಎಲ್ಲಿಂದ ಎಸೆಯುವುದು, ಎರಡು ಕೈಯೂ ಅಡಿಯಲ್ಲಿ ಸಿಕ್ಕಿಕೊಂಡಿವೆ! ಹೊಡೆದವನು ಬೇಸಿನತ್ತ ಓಡಿ ಬರುತ್ತಿದ್ದ, ಅವನಿಗಿಂತ ಮೊದಲು ಚೆಂಡಿದ್ದವನು ಬೇಸು ಮುಟ್ಟಿದರೆ ಮಾತ್ರ ಅವನು ಔಟು. ಲಿಯಾಂಡರ್ ಅಂಬೆಗಾಲೂ ಅಲ್ಲದ, ಈಜೂ ಅಲ್ಲದ ಒಂದು ರೀತಿಯಲ್ಲಿ ಮಣ್ಣಲ್ಲಿ ತೆವಳಿದ. ಒಂದು ಗೇಣು. ಇನ್ನೊಂದು ಗೇಣು. ಕತ್ತು ಚಾಚಿ ಮೂಗಿನಿಂದ ಬೇಸನ್ನು ಒತ್ತಿದ. ಅದರ ಹಿಂದೆಯೇ ಹೊಡೆದವನ ಬೂಟು ಬಂದು ಬಿತ್ತು.

ಎಲ್ರಾಯ್ ಓಡಿ ಬಂದ. "ಚೆಂಡು ಕೈಯಲ್ಲಿದೆಯಾ ಅಂತ ನೋಡ್ಬೇಕು. ಮಗುಚಿ ಇವನನ್ನ."

ಮೂವರು ಸೇರಿ ಮಗುಚಿದರು. ಗ್ಲೌಸಿನಲ್ಲಿ ಚೆಂಡಿತ್ತು.

"ಔಟ್!"

"ಮೂಗಲ್ಲಿ ಮುಟ್ಟಿದ್ದು ಲೆಕ್ಕಕ್ಕಿಲ್ಲ!" ಅಂತ ರೋಜನ್‌ಬರ್ಗಿನವರು ಕೂಗಿದರು.

"ಮೈಯ ಯಾವ ಭಾಗ ಆದ್ರೂ ಆಗುತ್ತೆ. ಮೂಗು ಅವನ ಮೈಯದೇ, ಬಾಡಿಗೆಗೆ ತಂದಿದ್ದಲ್ಲ," ಅಂದ ಎಲ್ರಾಯ್.

ಎಲ್ಲರೂ ಕುಣಿದರು. ಲಿಯಾಂಡರ್ ಮಾತ್ರ ಅಂಗಾತ ಮಲಗಿ ಆಕಾಶ ನೋಡುತ್ತಿದ್ದ, ಏಳಲು ಆಗುತ್ತಿರಲಿಲ್ಲ. ಮಾರ್ಲಿಸ್ ಓಡಿ ಬಂದು ಮಣ್ಣಿನಲ್ಲೇ ಕೂತು ಸೆರಗಿಲ್ಲದ್ದರಿಂದ ತನ್ನ ಅಂಗಿಯ ತೋಳಿನಿಂದಲೇ ಅವನ ಮೂಗು ಒರೆಸಿದಳು. ಅವಳು ಅಳುತ್ತಿದ್ದಳು.

"ನಾನೇ ಕಣೋ ಸಿಲ್ವೆಸ್ಟರ್‌ಗೆ ಹೇಳಿದ್ದು, ನಿನ್ನನ್ನ ಪಟ್ಟಿಯಿಂದ ತೆಗಿ ಅಂತ," ಅಂದಳು. "ಒಳಮೈದಾನಕ್ಕೆ ಜನ ಇಲ್ಲ ಅನ್ನೋದು ನೆಪ. ಆಟ ಆಡಿ ಬಂದು ಇಡೀ ವಾರ ಮಂಡಿ ಹಿಡ್ಕೊಂಡು ನರಳ್ತೀಯಲ್ಲ, ಅದನ್ನ ಕೇಳೋಳು ನಾನು. ಊರವರಲ್ಲ."

ಲಿಯಾಂಡರನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ನರಳಿದ್ರೂ ಪರವಾಗಿಲ್ಲ ಕಣೆ," ಅಂದ. "ಇದಿಲ್ಲದೆ ನಾನು ಬರೀ ಲಾರಿ ತೂಗೋನು."

ಮಾರ್ಲಿಸ್ ಅವನ ಅಂಗಿಯ ಮೇಲಿನ ಮಣ್ಣು ಕೊಡವಿದಳು. ಆಮೇಲೆ ಅಣ್ಣನ ಕಡೆ ನೋಡಿ, "ಹಾಕ್ಕೋ ಮಾರಾಯ ಇವನ ಹೆಸರು. ಹೊಡೆಯೋಕೆ ಮಾತ್ರ. ಹಿಡಿಯೋಕೆ ಇಳಿಸಿದ್ರೆ ನಿನ್ನ ಕೈಕಾಲು ಮುರೀತೀನಿ," ಅಂದಳು.

"ಮುಂದಿನ ವರ್ಷದ ಮಾತು ಹಾಗೇ ಆಗಲಿ," ಅಂದ ಸಿಲ್ವೆಸ್ಟರ್, ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾ. "ಆದ್ರೆ ಈಗ ಗೆದ್ದುಬಿಟ್ಟಿದ್ದೀವಲ್ಲ. ಮುಂದಿನ ಭಾನುವಾರ ಮತ್ತೆ ಆಟ ಇದೆ. ರೋಜರನ ಬೆರಳು ಮುರಿದಿದೆ. ಹನಿಮೂನ್‌ನವನು ಬರೋದು ಅದರ ಮಾರನೇ ದಿನ. ಮೊದಲ ಬೇಸಿಗೆ..."

 ಎಲ್ಲರೂ ಕೆಳಗೆ ಮಲಗಿದ್ದ ಲಿಯಾಂಡರನನ್ನು ನೋಡಿದರು. ಅವನನ್ನು ಎಬ್ಬಿಸಲು ಫಾದರ್ ಆಗಲೇ ಎರಡು ಕಂಕುಳಿಗೆ ಕೈ ಹಾಕಿದ್ದರು.

"ಬಿಡಿ ಫಾದರ್, ಎಬ್ಬಿಸೋದು ಯಾಕೆ?" ಅಂದ ಲಿಯಾಂಡರ್. "ಹೇಗಿದ್ರೂ ಭಾನುವಾರ ಇಲ್ಲೇ ಬೀಳ್ಬೇಕಲ್ಲ. ಮಾರ್ಲಿಸ್, ಮನೆಯಿಂದ ಒಂದು ದಿಂಬು ತಂದ್ಬಿಡು."