ಮೂವತ್ತು ಸೆಕೆಂಡಿನ ಮುದ್ದೇಬಿಹಾಳ

ಮಂಗಳವಾರ ಬೆಳಿಗ್ಗೆ 7 ಗಂಟೆ 12 ನಿಮಿಷಕ್ಕೆ ಫಕ್ರುದ್ದೀನರ ದನಿಯಿಂದ ಮುದ್ದೇಬಿಹಾಳ ಮಾಯವಾಯಿತು. ಮೂರು ದಿನಗಳಲ್ಲಿ ಇದು ಮೂರನೇ ಸಲ.

ಇಂಡಿ ಪಟ್ಟಣದ ಟೆಂಪೊ ನಿಲ್ದಾಣದಲ್ಲಿ ಊರ ಹೆಸರು ಕೂಗಿ ಜನರನ್ನು ಹತ್ತಿಸುವುದು ಅವರ ಇಪ್ಪತ್ತಾರು ವರ್ಷಗಳ ಕೆಲಸ. ಗಂಟಲ ಕ್ಯಾನ್ಸರಿಗಾಗಿ ಗುರುವಾರ ಸೊಲ್ಲಾಪುರದ ಆಸ್ಪತ್ರೆಯಲ್ಲಿ ಅವರ ಧ್ವನಿಪೆಟ್ಟಿಗೆ ತೆಗೆಯುವವರಿದ್ದರು. ಅಷ್ಟರೊಳಗೆ ಕೂಗನ್ನು ಕಂಪ್ಯೂಟರಿಗೆ ಇಳಿಸಿದರೆ ಸ್ಪೀಕರ್ ಹಿಡಿದಾದರೂ ಅಪ್ಪ ಕೆಲಸಕ್ಕೆ ನಿಲ್ಲಬಹುದೆಂದು ಮಗಳು ಶಬಾನಾ ಯೋಚಿಸಿದ್ದಳು. ದನಿ ಏಳುತ್ತಿದ್ದುದು ಬೆಳಗಿನ ಚಹಾದ ನಂತರ ಹತ್ತೇ ನಿಮಿಷ; ಉದ್ದನೆಯ ಮುದ್ದೇಬಿಹಾಳಕ್ಕೆ ಅದು ಹದಕ್ಕೆ ಬರುತ್ತಿದ್ದುದು ಕೊನೆಗೇ.

ಕಂಪ್ಯೂಟರಿನಲ್ಲಿ ಸಿಂದಗಿಯ ಕೂಗು ಉಳಿದಿತ್ತು, ಬಸವನ ಬಾಗೇವಾಡಿಯದು ಉಳಿದಿತ್ತು. ಕೊನೆಯದಾದ ಮುದ್ದೇಬಿಹಾಳದ ಕಡತಕ್ಕೆ ಹೆಸರಿತ್ತು, ಗಾತ್ರ ಸೊನ್ನೆ. ದಾರಿ ಬಾಗೇವಾಡಿ ದಾಟಿ, ಮೈಲಿಗಲ್ಲಿಲ್ಲದ ಬೆಳಕಿನಲ್ಲಿ ಕರಗಿಹೋದಂತೆ ಶಬಾನಾಳಿಗೆ ಅನಿಸಿತು.

ಡಿಸ್ಕ್ ಪರೀಕ್ಷಿಸಿದಳು, ದೋಷವಿರಲಿಲ್ಲ. ಮೂರೂ ದಿನ ಬ್ಯಾಟರಿಯಿಲ್ಲದ ಯಂತ್ರ ಆರಿದ್ದು 7.12ಕ್ಕೆ. ಪಕ್ಕದ ಲಿಂಬೆ ತೋಟದ ಮೋಟರ್ ಗುಂಯ್ ಎನ್ನುವ ಹೊತ್ತು ಅದು. ಸದ್ದು ಕೇಳಿದೊಡನೆ ತಾಯಿ ಜೋಹರಾಬಿ ಮನೆಯ ಮೇನ್ ಸ್ವಿಚ್ ಎಳೆದು ಕರೆಂಟ್ ಆರಿಸುತ್ತಿದ್ದರು. ಹೋದ ವರ್ಷ ತೋಟದ ಮೋಟರಿನ ತ್ರೀ ಫೇಸ್ ಕರೆಂಟ್ ಬಂದ ಕ್ಷಣದಲ್ಲೇ ಮಿಕ್ಸರ್ ಸುಟ್ಟಿತ್ತು.

"ಅಮ್ಮಾ, ನಾಳೆ ಒಂದಿನ ಎಳೀಬ್ಯಾಡ."

"ಮಿಕ್ಸರ್ ಸುಟ್ರ ನಿನ್ನ ಕಂಪ್ಯೂಟರ್ ಚಟ್ನಿ ಅರೀತೈತೇನ?"

"ನಾವು ಉಳಿಸಿದ್ದನ್ನ ಅದರೊಳಗಿನ ಕರ್ನಲ್ ಅನ್ನೋ ಮೂಲ ಪ್ರೋಗ್ರಾಮ್ ಮೂವತ್ತು ಸೆಕೆಂಡ್ ಉಡಿಯಾಗ ಇಟ್ಕೊಂಡು, ಆಮ್ಯಾಲೆ ಡಿಸ್ಕಿಗೆ ಬರೀತೈತಿ. ಅಷ್ಟರೊಳಗ ಕರೆಂಟ್ ಹೋದ್ರ ಅದೂ ಹೋಗ್ತೈತಿ. ಅಲ್ಲೀತನಕ ಅದಕ್ಕ ಡರ್ಟಿ ಪೇಜ್, ಕೊಳೆ ಪುಟ ಅಂತಾರ."

"ನಿಮ್ಮಪ್ಪನ ದನಿ ಕೊಳೆ? ಯಾವ ಹಲ್ಕಟ್ ಅಂದಾಂವ?"

ದನಿ ಉಳಿಸಿಕೊಳ್ಳುತ್ತಿದ್ದ ಫಕ್ರುದ್ದೀನ ಭುಜ ಕುಣಿಸಿ ನಕ್ಕರು.

ತಾಯಿಯ ಕೈ ತಡೆಯಲಾಗದೆ ಶಬಾನಾ ಕರ್ನಲ್‌ನ ಕಾಯುವ ಅವಧಿಯನ್ನೇ ಬದಲಿಸಿದಳು. ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ ಅಲ್ಲಿ 3000 ಇತ್ತು, 100 ಮಾಡಿದಳು, ಅಂದರೆ ಒಂದೇ ಸೆಕೆಂಡ್. ಬರೆಯಲು ಅದು ಏಳುವ ಅಂತರವನ್ನೂ 500ರಿಂದ 100ಕ್ಕೆ ಇಳಿಸಿದಳು.

ಬುಧವಾರ ಫಕ್ರುದ್ದೀನ ಕಣ್ಣು ಮುಚ್ಚಿ ಕೂಗಿದರು. "ಮುದ್ದೇಬಿಹಾ" ಎಂಬುದು ಕಿಟಕಿ ದಾಟಿ, ಲಿಂಬೆ ಎಲೆಗಳ ಮೇಲೆ ತೇಲಿ, ಊರನ್ನು ಮುಟ್ಟಿಬಂದಷ್ಟು ಹೊತ್ತಿನ ಮೇಲೆ "ಳ" ಬಂತು. ಮೋಟರ್ ಗುಂಯ್ ಎಂದಿತು.

"ಬಂತ್ ನೋಡ್ರಿ ತ್ರೀ ಫೇಸ್!" ಜೋಹರಾಬಿ ಅಂಗಳದಿಂದ ಓಡಿದರು. ಶಬಾನಾ ಉಳಿಸುವ ಗುಂಡಿ ಒತ್ತಿ ಎಣಿಸಿದಳು. ಒಂದು, ಎರಡು, ಮೂರು. ಪರದೆ ಕತ್ತಲಾಯಿತು.

ಯಂತ್ರ ಮತ್ತೆ ಚಾಲೂ ಆದಾಗ ಕೊನೆಯ ಕಡತದ ಗಾತ್ರ ಮೂರು ಎಂಬಿ ಇತ್ತು.

ಶಸ್ತ್ರಚಿಕಿತ್ಸೆಯಾಗಿ ಹದಿನೆಂಟನೆಯ ದಿನ, ನಿಲ್ದಾಣದ ಸ್ಪೀಕರ್ ಮೊದಲು ಮುದ್ದೇಬಿಹಾಳ ಎಂದಿತು, ಆಮೇಲೆ ಜೋಹರಾಬಿಯವರ ದನಿಯಲ್ಲಿ ತ್ರೀ ಫೇಸ್ ಬಂತೆಂದಿತು. ಹನ್ನೊಂದು ಜನ ಟೆಂಪೊ ಹತ್ತಿದರು.