ಅನ್‌ಕೆಂಪ್ಟ್ ಪದದ ಚೀಟಿ

“ಈ ವಾಕ್ಯ ಬರೆದ ಪುಣ್ಯಾತ್ಮ ಯಾರಪ್ಪಾ?”

ನಿಘಂಟು ಕಚೇರಿಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ಮೂವತ್ತು ವರ್ಷ ಇಂಗ್ಲಿಷ್ ಪದಗಳ ಚೀಟಿ ತಿದ್ದಿ ತಿದ್ದಿ ಎಲ್ಲರ ಬಾಯಲ್ಲಿ ಚೀಟಿಯಣ್ಣನೇ ಆಗಿಬಿಟ್ಟಿದ್ದವನು ಕೈಯಲ್ಲಿದ್ದುದನ್ನು ಮತ್ತೆ ಓದಿದ. ಪದ, ಅನ್‌ಕೆಂಪ್ಟ್. ಮೂಲ, ‘ಬಾಚು’ ಎಂಬರ್ಥದ ಹಳೆಯ ಕ್ರಿಯಾಪದ. ಮೊದಲು ಬಾಚದ ತಲೆಗೆ, ಆಮೇಲೆ ಓರಣವಿಲ್ಲದ ಬಟ್ಟೆಗೆ, ತೋಟಕ್ಕೆ, ಮನೆಗೆ. ಅಲ್ಲಿಯವರೆಗೆ ಎಲ್ಲ ಸರಿ. ಬಳಕೆ, ‘ಮಧ್ಯಾಹ್ನ ಬುತ್ತಿ ತರುವವಳ ಕೆದರಿದ ತಲೆ ಕಂಡರೆ ಹಸಿವೇ ಓಡಿಹೋಗುತ್ತದೆ.’

ಅಲ್ಲಿಗೆ ಬುತ್ತಿ ತರುವವಳು ಒಬ್ಬಳೇ, ಅವನ ಹೆಂಡತಿ. ಕಚೇರಿಯ ನಾಲ್ಕು ಜನಕ್ಕೂ ಸಾಲುವಷ್ಟು ತರುತ್ತಿದ್ದಳು. ಬರೆದವನೂ ಉಂಡವನೇ.

ಬಳಕೆಯ ವಾಕ್ಯ ಪುಸ್ತಕದಿಂದ ಕದ್ದದ್ದಾಗಬಾರದು, ಕಣ್ಣಾರೆ ಕಂಡದ್ದಾಗಿರಬೇಕು ಎಂದು ಕಟ್ಟಳೆ ಮಾಡಿದವನು ತಾನೇ. ಯಾರನ್ನು ಬೈಯುವುದು? ಸಂಜೆಗೆ ಪುಟ ಅಚ್ಚಿಗೆ ಹೋದರೆ ಅವಳ ತಲೆ ಊರೂರಿನ ಕಪಾಟಿನಲ್ಲಿ ನಗೆಪಾಟಲಾಗಿ ಕೂರುತ್ತದೆ. ಕಿವಿ ಬಿಸಿಯಾಯಿತು. ಇನ್ನು ಮೇಲಾದರೂ ತಲೆ ಬಾಚಿಕೊಂಡು ಬಾ ಎಂದು ಹೇಳಿಯೇಬಿಡೋಣವೆಂದು ಅವಳು ಕೆಲಸ ಮಾಡುವ ಆಸ್ಪತ್ರೆಗೆ ದಡದಡ ನಡೆದ.

ಬಾಗಿಲಲ್ಲೇ ಕಾಲು ನಿಂತಿತು. ಅವಳು ಹಾಸಿಗೆ ಹಿಡಿದ ಮುದುಕಿಯೊಬ್ಬಳ ಸಿಕ್ಕು ಬಿಡಿಸುತ್ತಿದ್ದಳು. ಎಳೆದರೆ ನೋವಾದೀತೆಂದು ಕೂದಲ ಬುಡವನ್ನು ಎಡಗೈಯಲ್ಲಿ ಒತ್ತಿ ಹಿಡಿದು, ತುದಿಯಿಂದ ಒಂದೊಂದೇ ಎಳೆ.

“ನೋವಾದ್ರೆ ನನ್ನ ಬೈರಿ ಅಜ್ಜಿ, ಪಾಪ ಬಾಚಣಿಗೇನ ಬೈಬೇಡಿ.”

“ನಿನ್ನ ತಲೆ ನೋಡ್ಕೊಂಡಿದ್ದೀಯೇನೇ? ಒಳ್ಳೇ ಗುಬ್ಬಿಗೂಡು!”

“ಇಪ್ಪತ್ತರಲ್ಲಿ ಇನ್ನೂ ಒಂಬತ್ತು ತಲೆ ಬಾಕಿ ಇವೆ. ಆಮೇಲೆ ನಮ್ಮನೆಯೋರಿಗೆ ಬುತ್ತಿ. ಹೊತ್ತಿಗೆ ಸರಿಯಾಗಿ ಹೋಗ್ದಿದ್ರೆ ಅವರು ಪದಾನೇ ತಿಂದ್ಬಿಡ್ತಾರೆ!”

ಮುದುಕಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ಅವನು ಸದ್ದಿಲ್ಲದೆ ಹಿಂದಿರುಗಿದ.

ಚೀಟಿಯ ವಾಕ್ಯವನ್ನು ಹೊಡೆದುಹಾಕಿ ಕೆಳಗೆ ಬರೆದ: ‘ದಿನವೂ ಇಪ್ಪತ್ತು ತಲೆ ಬಾಚುವವಳ ತಲೆ ಕೆದರಿಯೇ ಇತ್ತು.’

ಸಂಪಾದಕರು ಕನ್ನಡಕ ಏರಿಸಿಕೊಂಡು ಓದಿದರು. “ಏನ್ರೀ ಚೀಟಿಯಣ್ಣ, ಹಳೇದ್ರಲ್ಲಿ ಒಳ್ಳೇ ಖಾರ ಇತ್ತಲ್ರೀ. ಅದೂ ಕಣ್ಣಾರೆ ಕಂಡದ್ದೇ ತಾನೇ?”

“ಅರ್ಧ ಕಂಡದ್ದು, ಸಾರ್.”

“ಯಾರು ಅಂತ ಓದೋರಿಗೆ ಏನು ಗೊತ್ತಾಗುತ್ತೆ? ಹೋಗ್ಲಿ, ನಿಮ್ದೂ ಇರ್ಲಿ, ಅದೂ ಇರ್ಲಿ. ಎರಡೂ ಹಾಕ್ಬಿಡಿ.”

ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವರಿಗೆ ಎದುರಾಡದವನು ಚೀಟಿಯನ್ನು ಅಂಗೈಯಿಂದ ಮುಚ್ಚಿದ.

“ಆಗಲ್ಲ ಸಾರ್. ಅದನ್ನ ನಾನು ಹಾಕಲ್ಲ.”